ಹನಿ ತಾನಾಗಿ ಇಳಿಯಬೇಕು

ಚೆನ್ನೈಯ ವೆಸ್ಟ್ ಮಾಂಬಲಂನ ಗಲ್ಲಿಗೆ ಇನ್ನೂ ಪೂರ್ತಿ ಬೆಳಕು ಬಿದ್ದಿಲ್ಲ. ಮೂರನೇ ಮಹಡಿಯ ಮನೆಯಲ್ಲಿ ಗುಣವತಿ ಎಳೆಗೂಸಿನ ಪಾದವನ್ನು ಬೆಚ್ಚನೆಯ ಬಟ್ಟೆಯಲ್ಲಿ ಸುತ್ತಿ ಹಿಡಿದಿದ್ದಾರೆ. ಹುಟ್ಟಿನಿಂದ ಬರುವ ಕಾಯಿಲೆಗಳ ತಪಾಸಣೆಗೆ ನಾಲ್ಕು ಹನಿ ರಕ್ತ ಬೇಕು; ಹಿಮ್ಮಡಿಗೆ ಒಂದು ಚುಚ್ಚು. ಕೂಸು ಕಿರುಚುತ್ತದೆ, ಬಾಣಂತಿ ವಿಭಾ ಮುಖ ತಿರುಗಿಸುತ್ತಾಳೆ. ಗುಣವತಿ ಹಿಂಡುವುದಿಲ್ಲ, ಕಾಯುತ್ತಾರೆ.

"ಹನಿ ದುಂಡಗೆ ತೂಗಾಡ್ಬೇಕಮ್ಮಾ. ಕಾಗದಕ್ಕೆ ಮುಟ್ಟಿಸಿದ್ರೆ ಸಾಕು, ಅದೇ ಕುಡ್ಕೊಳ್ಳತ್ತೆ."

ಹನಿಯನ್ನು ಚೆಲ್ಲದಂತೆ ಹಿಡಿದಿಡುವುದು ಮೇಲ್ಮೈ ಎಳೆತ. ಬತ್ತಿ ಎಣ್ಣೆ ಹೀರುವಂತೆ ಅದನ್ನು ಕಾಗದದೊಳಕ್ಕೆ ಸೆಳೆಯುವುದು ಲೋಮನಾಳ ಕ್ರಿಯೆ. ಶಾಲೆಯ ಪರೀಕ್ಷೆ ಮುಗಿದೊಡನೆ ನಾವೆಲ್ಲ ಮರೆತ ಈ ಪಾಠವೇ ಗುಣವತಿಯವರ ಅನ್ನ. ಕೊಳ್ಳೇಗಾಲದಿಂದ ಮದುವೆಯಾಗಿ ಬಂದವರು, ಗಂಡ ತೀರಿಕೊಂಡ ಮೇಲೆ ಲ್ಯಾಬೊಂದಕ್ಕೆ ಸೇರಿದರು. ದಿನಕ್ಕೆ ಏಳೆಂಟು ಮನೆ, ಜತೆಗೆ ಮೊಣಕಾಲು ನೋವು. ಆಸೆ ಏನೆಂದು ಕೇಳಿದರೆ ನಗುತ್ತಾರೆ: "ಕೂಸುಗಳೆಲ್ಲ ಗ್ರೌಂಡ್ ಫ್ಲೋರಲ್ಲೇ ಹುಟ್ಲಿ!"

ವರದಿಯ ಮೇಲೆ ಅವರ ಹೆಸರಿರುವುದಿಲ್ಲ. ವಿಭಾಳ ಎದುರುಮನೆಯ ಪುಟ್ಟತಾಯಮ್ಮ ಮಾತ್ರ ದಿನವೂ ದೇವರ ಮುಂದೆ ಆ ಹೆಸರು ಹೇಳುತ್ತಾರೆ.

ನಾಲ್ಕು ವರ್ಷದ ಹಿಂದೆ, ಅವರ ಮೊಮ್ಮಗಳ ರಕ್ತ ತೆಗೆದ ದಿನ ಗುಣವತಿಗೆ ಅವಸರವಿತ್ತು. ಹನಿ ಸಣ್ಣದಾಯಿತೆಂದು ಅದರ ಮೇಲೇ ಇನ್ನೊಂದನ್ನು ಇಟ್ಟರು. ಮಾಂಬಲಂ ಸ್ಟೇಷನ್ನಿನಲ್ಲಿ ಕಾಗದ ಮಗುಚಿ ನೋಡಿದರೆ ಹಿಂಬದಿ ಅಲ್ಲಲ್ಲಿ ಬೆಳ್ಳಗೇ ಉಳಿದಿದೆ. ರಕ್ತ ಸಮನಾಗಿ ಇಳಿಯದ ಕಾಗದದ ಫಲಿತಾಂಶ ನಂಬುವಂತಿರಲಿಲ್ಲ. ಬಂದ ರೈಲು ಬಿಟ್ಟು ವಾಪಸು ನಡೆದರು.

"ಒಂದ್ಸಲ ಚುಚ್ಚಿದ್ದು ಸಾಲ್ದಾ? ನಮ್ ಕೂಸ್ನ ರಕ್ತ ಹೀರಕ್ಕೆ ನೀನೇನ್ ಸೊಳ್ಳೆನಾ?" ಪುಟ್ಟತಾಯಮ್ಮ ಬಾಗಿಲಲ್ಲೇ ಜಾಡಿಸಿದರು.

"ತಪ್ಪು ನಂದೇ ಅಮ್ಮಾ. ಇನ್ನೊಂದೇ ಸಲ," ಎಂದು ಗುಣವತಿ ನಿಂತೇ ಇದ್ದರು.

ಆ ಎರಡನೇ ಕಾಗದದಿಂದ ಗೊತ್ತಾಯಿತು, ಕೂಸಿನ ಮೈಯಲ್ಲಿ ಥೈರಾಯ್ಡ್ ಹಾರ್ಮೋನ್ ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆ. ತಡವಾಗಿದ್ದರೆ ಬುದ್ಧಿ ಬೆಳೆಯುತ್ತಿರಲಿಲ್ಲ. ಅಂದಿನಿಂದ ದಿನಕ್ಕೊಂದು ಮಾತ್ರೆ. ಮೌನ ಎಂಬ ಆ ಮೊಮ್ಮಗಳು ಹೆಸರಿಗಷ್ಟೇ ಮೌನ; ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಎದುರುತ್ತರ ಕೊಡುವ ವಾಚಾಳಿ. ಆ ಮಾತು ಕೇಳುವಾಗಲೆಲ್ಲ ಗುಣವತಿಯವರ ಕೈಗಳಿಗೆ ನಮಸ್ಕರಿಸಬೇಕೆನಿಸುತ್ತದೆ.

ಇಂದಿನ ಕೂಸಿನ ಕಾಗದದಲ್ಲೂ, ಹನಿಗೆಂದು ಅಚ್ಚು ಹಾಕಿದ ವೃತ್ತಗಳಲ್ಲಿ ಕೊನೆಯದು ತುಂಬಿಲ್ಲ. ಗುಣವತಿ ಕಾಗದ ಮಗುಚಿ ನೋಡಿ, "ಇನ್ನೊಂದ್ಸಲ ಚುಚ್ಬೇಕಮ್ಮಾ," ಎನ್ನುತ್ತಾರೆ.

"ಅಯ್ಯೋ, ಪೋದುಂ, ಸಾಕು!" ವಿಭಾ ಕೂಸನ್ನು ಎದೆಗವಚಿಕೊಳ್ಳುತ್ತಾಳೆ.

ಅಳು ಕೇಳಿ ಎದುರುಮನೆಯಿಂದ ಬಂದ ಪುಟ್ಟತಾಯಮ್ಮ ಚಾಪೆಯ ಮೇಲೆ ಕೂತು, ಆ ಪುಟ್ಟ ಪಾದವನ್ನು ತಾವೇ ಅಂಗೈಯಲ್ಲಿ ಹಿಡಿಯುತ್ತಾರೆ.

"ಚುಚ್ಲಿ ಬುಡವ್ವ. ಈವಮ್ಮ ಸುಮ್‌ಸುಮ್ನೆ ಎರಡ್ನೇ ಸಲ ಕೇಳೋಳಲ್ಲ."