ಬೀಗರ ಕಲ್ಲಿಗೆ ಹೊಡೆಯುವುದು ಹೇಗೆ

ಇವತ್ತು ಬೆಳಿಗ್ಗೆ ಜಗುಲಿ ತೊಳೆಯಲೆಂದು ನನ್ನ ಹೆಂಡತಿ ಸೋಪಿನ ನೀರು ಚೆಲ್ಲಿದ್ದಳು. ಒಳಗೆ ವ್ಯಾಯಾಮ ಮುಗಿಸಿ ಹೊರಬಂದ ನಾನು ಬಾಗಿಲಿನಿಂದ ಮೆಟ್ಟಿಲಿನವರೆಗೆ ಕೂತ ಭಂಗಿಯಲ್ಲೇ ಪ್ರಯಾಣ ಮಾಡಿದೆ. ಪೆಟ್ಟೇನೂ ಆಗಲಿಲ್ಲ, ಮರ್ಯಾದೆ ಸ್ವಲ್ಪ ತರಚಿತು. ಆದರೆ ಒದ್ದೆ ಕಲ್ಲಿನ ಮೇಲಿನ ಸೋಪಿನ ವಾಸನೆ ಮೂಗಿಗೆ ಬಡಿದದ್ದೇ, ಏಳುವುದನ್ನು ಬಿಟ್ಟು ಮಗಳ ಮದುವೆಯನ್ನು ನೆನೆಯುತ್ತ ಅಲ್ಲೇ ಕೂತೆ. ಮದುವೆ ಎಂದರೆ ಬೇರೆಯವರಿಗೆ ಮಲ್ಲಿಗೆಯ ಘಮ ನೆನಪಾಗುತ್ತದಂತೆ. ನಮಗೆ ಸೋಪು.

ನಾವು ಗುಂಡ್ಲುಪೇಟೆಯವರು, ಬೀಗರು ಚಾಮರಾಜನಗರದವರು. ಹುಡುಗ ಹುಡುಗಿ ಒಪ್ಪಿದ್ದರು, ಪಾಯಸ ಯಾವುದೆಂಬುದೂ ತೀರ್ಮಾನವಾಗಿತ್ತು. ಮದುವೆ ಯಾವ ಊರಿನಲ್ಲಿ ಎಂಬಲ್ಲಿ ಮಾತು ನಿಂತುಬಿಟ್ಟಿತು. ನನಗೆ ಗುಂಡ್ಲುಪೇಟೆಯೇ ಆಗಬೇಕು. ನನ್ನನ್ನೂ ನನ್ನ ಮಗಳನ್ನೂ ಎತ್ತಿ ಬೆಳೆಸಿದ ಅಕ್ಕ ಸೊಂಟ ಮುರಿದುಕೊಂಡು ಮಲಗಿದ್ದಳು. ಪಕ್ಕದ ಬೀದಿಯ ಛತ್ರಕ್ಕಾದರೆ ಕುರ್ಚಿಯಲ್ಲಿ ಹೊತ್ತೊಯ್ಯಬಹುದು. ಚಾಮರಾಜನಗರದವರೆಗೆ ಪ್ರಯಾಣ ಕೂಡದೆಂದು ಡಾಕ್ಟರು ಹೇಳಿದ್ದರು. "ಧಾರೆ ಎರೆಯೋದ ಕಣ್ಣಾರೆ ನೋಡ್ಬುಡ್ತೀನಿ ಕಣ್ಲಾ, ಆಮೇಲೆ ಏನಾರ ಆಗ್ಲಿ" ಎನ್ನುತ್ತಿದ್ದಳು. ಆದರೆ ನಾನು ಪಿ.ಟಿ. ಮೇಷ್ಟ್ರಾಗಿ ನಿವೃತ್ತನಾದವನು. ನಮ್ಮ ಗಾಯವನ್ನು ಎದುರು ತಂಡಕ್ಕೆ ತೋರಿಸಬಾರದೆಂದು ಮಕ್ಕಳಿಗೆ ಕಲಿಸಿದವನು. ಅಕ್ಕನ ವಿಷಯ ಬೀಗರಿಗೆ ಬಿಟ್ಟುಕೊಡಲಿಲ್ಲ.

ಬೀಗರದು ಕರಿಕಲ್ಲಿಗೆ ಪಾಲಿಶ್ ಹಾಕುವ ಕಾರ್ಖಾನೆ. ಮಂಜುಗಡ್ಡೆಯ ಮೇಲೆ ದುಂಡು ಕಲ್ಲು ತಳ್ಳುವ ಕರ್ಲಿಂಗ್ ಎಂಬ ಆಟವನ್ನು ಟಿವಿಯಲ್ಲಿ ಕಂಡು ಅವರಿಗೆ ಹುಚ್ಚು ಹಿಡಿದಿತ್ತು. "ಐಸ್ ಇಲ್ದಿದ್ರೆ ಏನ್ ಮೇಷ್ಟ್ರೇ, ಕಲ್ಲು ನಮ್ದೇ ಅದಲ್ಲ!" ಎಂದು ಕಾರ್ಖಾನೆಯ ಅಂಗಳದಲ್ಲಿ ಪಾಲಿಶ್ ಚಪ್ಪಡಿಗಳನ್ನು ಉದ್ದಕ್ಕೆ ಹಾಸಿ, ಸೋಪಿನ ನೀರು ಸುರಿಸಿ, ತುದಿಯಲ್ಲಿ ಬಣ್ಣದ ವೃತ್ತ ಬರೆಸಿದ್ದರು. ಆ ವೃತ್ತಕ್ಕೆ ಮನೆ ಎನ್ನುತ್ತಾರೆ. ಎರಡು ಕಡೆಯವರೂ ಸರದಿಯಂತೆ ಕಲ್ಲು ತಳ್ಳಬೇಕು. ಕೊನೆಗೆ ಯಾರ ಕಲ್ಲು ಮನೆಯ ನಟ್ಟನಡುವಿಗೆ ಹತ್ತಿರವೋ ಅವರು ಗೆದ್ದಂತೆ. ಕಲ್ಲು ನಿಧಾನವಾದರೆ ಅದರ ಮುಂದೆ ಪೊರಕೆಯಿಂದ ಉಜ್ಜಿ ಜಾರಿಸಬಹುದು.

"ಮಾತಲ್ಲಿ ಇದು ಬಗೆಹರಿಯಾಕಿಲ್ಲ. ಕಲ್ಲು ತಳ್ಳನ ಬನ್ನಿ. ಗೆದ್ದೋರ ಊರಲ್ಲಿ ಮದ್ವೆ" ಎಂದರು ಬೀಗರು, ಮಾತುಕತೆಗೆಂದು ನಾವು ಅವರಲ್ಲಿಗೆ ಹೋದ ದಿನ.

ಕೊನೆಯ ಕಲ್ಲು ಯಾರ ಕೈಯಲ್ಲಿರುತ್ತದೋ ಅವರದೇ ಮೇಲುಗೈ ಎಂದು ನನಗೆ ತಕ್ಷಣ ಹೊಳೆಯಿತು. ಹಾಗಾಗಿ ಮೊದಲು ತಳ್ಳಬಾರದು.

"ನೀವೇ ಮೊದಲು, ಬೀಗರೇ" ಎಂದೆ, ಸಕಲ ವಿನಯದಿಂದ.

"ಎಲ್ಲಾರ ಉಂಟಾ? ಮನೆಗೆ ಬಂದೋರು ನೀವು, ನೀವೇ ಮೊದ್ಲು."

"ಗಂಡಿನ ಕಡೆಯವರು ನೀವು."

"ಎಣ್ಣು ಕೊಡೋರು ನೀವು."

ಅವರಿಗೂ ಗುಟ್ಟು ಗೊತ್ತಿತ್ತು! ತಂದಿಟ್ಟ ಕಾಫಿ ಆರಿತು. ಇಂಥ ಮರ್ಯಾದಸ್ಥ ಬೀಗರನ್ನು ಕಂಡೇ ಇಲ್ಲವೆಂದು ಕೆಲಸಗಾರರು ಕೊಂಡಾಡಿದರು. ಕೊನೆಗೆ ನಾನು ಅವರ ಕಾಲು ಹಿಡಿಯುವವನಂತೆ ಬಗ್ಗಿದೆ. ಅವರು ಗಾಬರಿಯಾಗಿ ಮೊದಲ ಕಲ್ಲು ತಳ್ಳಿಬಿಟ್ಟರು.

ಇನ್ನು ತಂತ್ರದ ಮಾತು. ಎದುರಾಳಿಯ ಕಲ್ಲು ಮನೆಯಲ್ಲಿ ಕೂತರೆ ಅದಕ್ಕೆ ಹೊಡೆದು ಆಚೆ ಅಟ್ಟಬೇಕು. ಎಳೆಯ ಮಗುವಿಗೂ ತಿಳಿಯುವ ಲೆಕ್ಕ. ಆದರೆ ಬೀಗರ ಕಲ್ಲಿಗೆ ಹೊಡೆಯುವುದುಂಟೇ? ನನ್ನ ಭಾಮೈದನ ಕಲ್ಲು ಅವರ ಕಲ್ಲಿಗೆ ತುಸು ತಾಗಿದ್ದಕ್ಕೆ, ಅವನು ಓಡಿಹೋಗಿ ಆ ಕಲ್ಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಬೀಗರ ತಮ್ಮ, ನಮ್ಮ ಕಲ್ಲು ಅಡ್ಡ ಬಂತೆಂದು ತನ್ನದನ್ನು ಬೇಕೆಂದೇ ಗೋಡೆಗೆ ಕಳಿಸಿದರು. ಹೀಗೆ ಪರಸ್ಪರ ದಾರಿ ಬಿಡುತ್ತಲೇ ಕಲ್ಲುಗಳು ಮುಗಿದವು. ನಟ್ಟನಡುವೆ ಬೀಗರ ಕಲ್ಲು ರಾಜನಂತೆ ಕೂತಿತ್ತು. ನನ್ನದೊಂದೇ ಬಾಕಿ. ಹೊಡೆದರೆ ಅಕ್ಕ ಮದುವೆ ನೋಡುತ್ತಾಳೆ, ಬೀಗರ ಮುಖ ಬಾಡುತ್ತದೆ. ಪಕ್ಕದಲ್ಲಿ ನಿಲ್ಲಿಸಿದರೆ ಬೀಗರು ನಗುತ್ತಾರೆ, ಅಕ್ಕ ಹಾಸಿಗೆಯಲ್ಲೇ ಉಳಿಯುತ್ತಾಳೆ.

"ಒಡೀರಿ ಬಾವ" ಎಂದು ಭಾಮೈದ ಕಿವಿಯಲ್ಲಿ ಪಿಸುಗುಟ್ಟಿದ.

"ಕಣ್ಣಿಗೊತ್ತಿಕೊಂಡವನು ನೀನೇ ಅಲ್ಲವೇನೋ?" ಎಂದೆ.

ಹೊಡೆಯಬೇಕೆಂದೇ ಬಗ್ಗಿದೆ. ಆದರೆ ಕೈ ನನ್ನ ಮಾತು ಕೇಳಲಿಲ್ಲ; ಬೀಗರಿಗೆ ತಾಂಬೂಲದ ತಟ್ಟೆ ಚಾಚುವಂತೆ ಮೆಲ್ಲಗೆ ತಳ್ಳಿತು. ಕಲ್ಲು ಮನೆಯ ಹೊಸ್ತಿಲನ್ನೂ ಮುಟ್ಟದೆ ತೆವಳತೊಡಗಿತು. ಅಕ್ಕನಿಗೆ ಏನು ಹೇಳಲಿ ಎಂದು ನಾನು ಯೋಚಿಸುತ್ತಿರುವಾಗಲೇ, ಅತ್ತ ನನ್ನ ಹೆಂಡತಿಯ ಜೊತೆ ಮಾತಾಡುತ್ತಿದ್ದ ಬೀಗಿತ್ತಿಯವರು ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಪೊರಕೆ ಕಿತ್ತುಕೊಂಡು ನನ್ನ ಕಲ್ಲಿನ ಮುಂದೆ ಬಿರಬಿರನೆ ಉಜ್ಜಲು ನಿಂತರು.

"ಇವ್ರ ಅಕ್ಕಾರು ಸೊಂಟ ಮುರ್ಕಂಡು ಮನ್ಗವ್ರಂತೆ! ಮದ್ವೆ ನೋಡ್ಬೇಕು ಅಂತ ಒದ್ದಾಡ್ತಾವ್ರಂತೆ! ನೀವಿಬ್ರೂ ಇಲ್ಲಿ ಕಲ್ಲಾಡ್ಕಂಡು ನಿಂತಿದ್ದೀರಲ್ಲ, ಬುದ್ಧಿ ಅದಾ?"

"ಅಮ್ಮೀ, ನೀ ಯಾರ್ ಕಡೆ?" ಎಂದು ಬೀಗರು ಹೆಂಡತಿಯತ್ತ ಕಿರುಚಿದರು.

"ಮನ್ಗಿರೋರ ಕಡೆ! ಕಾಲ್ ತಗೀರಿ ಅತ್ಲಾಗೆ!"

ಕಲ್ಲಿಗೆ ಜೀವ ಬಂತು. ಜಾರಿ ಹೋಗಿ ಬೀಗರ ಕಲ್ಲನ್ನು ಮೆತ್ತಗೆ ಒತ್ತರಿಸಿ, ತಾನು ನಡುವೆ ಕೂತಿತು. ಎದುರು ತಂಡದವರು ಹೀಗೆ ಉಜ್ಜಿಕೊಡುವುದು ನಿಯಮಬಾಹಿರ. ಜೇಬಿನಲ್ಲಿ ಸೀಟಿಯಿತ್ತು. ನಾನು ಊದಲಿಲ್ಲ.

ಮದುವೆ ಗುಂಡ್ಲುಪೇಟೆಯಲ್ಲೇ ಆಯಿತು. ಅಕ್ಕ ಮಂಟಪದ ಎದುರೇ ಕುರ್ಚಿ ಹಾಕಿಸಿಕೊಂಡು, ಫೋಟೊದವನು ಅಡ್ಡ ಬಂದಾಗಲೆಲ್ಲ ಬೈದು ಸರಿಸುತ್ತ, ಧಾರೆಯನ್ನು ಕಣ್ಣು ಮಿಟುಕಿಸದೆ ನೋಡಿದಳು.

ಈಗ ಕೋಲೂರಿಕೊಂಡು ಓಡಾಡುತ್ತಾಳೆ. ಬೆಳಿಗ್ಗೆ ನಾನು ನೆಲದ ಮೇಲೆ ಕೂತದ್ದನ್ನು ಕಂಡು ಬಾಗಿಲಿಗೆ ಬಂದಳು.

"ಯಾಕ್ಲಾ, ಇಲ್ಲಿ ಕುಂತ್ಕಂಡಿದ್ದೀ?"

"ಆ ಕಲ್ಲಿನ ಆಟ ನೆನಪಾಯ್ತು ಕಣಕ್ಕ."

"ಓ, ನೀ ಗೆದ್ದಿದ್ದಲ್ವಾ!"

ಇಷ್ಟು ವರ್ಷವೂ ಹೌದೆಂದು, ಕೊನೆಯ ಕಲ್ಲಿನ ತಂತ್ರವನ್ನು ವಿವರಿಸುತ್ತ ಬಂದಿದ್ದೇನೆ. ಇವತ್ತು ಮಾತು ಬೇರೆಯೇ ಬಂತು.

"ನಾನಲ್ಲ ಕಣಕ್ಕ. ಗೆದ್ದವರು ಬೀಗಿತ್ತಿಯವರು."

"ಅದ ಅವ್ರಿಗೆ ಏಳಿದ್ದೀಯಾ?"

ಹೇಳಿರಲಿಲ್ಲ. ಎದ್ದು ಕೈ ಒರೆಸಿಕೊಂಡು ಫೋನ್ ಮಾಡಿದೆ. ಎತ್ತಿದವರು ಬೀಗರು. ಹೊಸ ಚಪ್ಪಡಿ ಹಾಸಿದ್ದಾರಂತೆ, ಒಂದು ಆಟಕ್ಕೆ ಬರಬೇಕಂತೆ.

"ಆಟ ಆಮೇಲೆ ನೋಡೋಣ. ಫೋನು ಬೀಗಿತ್ತಿಯವರಿಗೆ ಕೊಡಿ" ಎಂದೆ.