ಅಜಾಯಬಖಾನೆಯ ರೇವಣಪ್ಪ

ರೇವಣಪ್ಪ ಕಲ್ಲಿನ ಮೂರ್ತಿಗಳ ಕೋಣೆಗೆ ಹೋಗುವಾಗಲೂ ಬಾಗಿಲಲ್ಲಿ ನಿಂತು ಒಮ್ಮೆ ಕೆಮ್ಮುತ್ತಿದ್ದ. ಒಳಗೆ ಹೆಣ್ಣುಮಕ್ಕಳಿದ್ದಾರೆ, ಗಂಡಸಾದವನು ಸುಳಿವು ಕೊಡದೆ ನುಗ್ಗಬಾರದು ಎಂಬುದು ಅವನ ಲೆಕ್ಕ. ಆಮೇಲೆ ಚಪ್ಪಲಿ ಬಿಟ್ಟು, ಹೆಗಲ ವಸ್ತ್ರದಿಂದ ಒಂದೊಂದೇ ಮುಖದ ಧೂಳು ಒರೆಸುತ್ತಿದ್ದ. ಮೂಗು ಮುರಿದವರ ಮುಂದೆ ತುಸು ಹೆಚ್ಚೇ ಹೊತ್ತು ನಿಲ್ಲುತ್ತಿದ್ದ.

ಅದು ನಿಜಾಮರ ಕಾಲ. ಕಲಬುರ್ಗಿಯ ಹಳೆಯ ಗುಮ್ಮಟವೊಂದರಲ್ಲಿ ಸುತ್ತಲಿನ ಊರುಗಳ ಶಿಲ್ಪಗಳನ್ನು ತಂದಿಟ್ಟಿದ್ದರು. ಜನ ಅದನ್ನು ಅಜಾಯಬಖಾನೆ ಅನ್ನುತ್ತಿದ್ದರು. ರೇವಣಪ್ಪ ಅಲ್ಲಿಯ ಕಾವಲುಗಾರ. ನಾನು ಮೂರ್ತಿಗಳಿಗೆ ಉರ್ದುವಿನಲ್ಲಿ ಚೀಟಿ ಬರೆಯುವ ಮುನಶಿ. ಅವನು ವಯಸ್ಸಿನಲ್ಲಿ ನನ್ನ ಅಪ್ಪನಷ್ಟಿದ್ದರೂ ನನ್ನನ್ನು 'ರೀ' ಬಿಟ್ಟು ಮಾತಾಡಿಸಿದವನಲ್ಲ. ನಾನೋ, ನೌಕರಿಯ ಸೊಕ್ಕಿನಲ್ಲಿ ಅವನನ್ನು ಏಕವಚನದಲ್ಲೇ ಕರೆಯುತ್ತಿದ್ದೆ. ಇವತ್ತು ಬರೆಯಲು ಕೂತರೂ ಆ ಹಾಳು ರೂಢಿ ಬಿಡಲೊಲ್ಲದು.

ಬಂದವರಿಗೆಲ್ಲ ಅವನು ಮೂರ್ತಿಗಳ ಸಂಸಾರ ಹೇಳುತ್ತಿದ್ದ. ಈಕೆ ಸಿಟ್ಟಿನಾಕಿ, ಆಕೆ ತವರಿಗೆ ಹೊರಟು ನಿಂತಾಕಿ, ಹೀಗೆ. ಕೂಸನ್ನೆತ್ತಿಕೊಂಡ ಒಬ್ಬ ತಾಯಿಯ ಹತ್ತಿರ ಬಂದಾಗ ಮಾತ್ರ ದನಿ ಇಳಿಯುತ್ತಿತ್ತು. ಆ ಕಲ್ಲು ಅವನ ಊರು ಕಮಲಾಪುರದ್ದು. ಅಲ್ಲಿ ಬಾವಿಯ ಪಕ್ಕದಲ್ಲಿತ್ತು. ಬಾಣಂತಿಯರು ಮೊದಲ ಸಲ ನೀರಿಗೆ ಬಂದಾಗ ಕೂಸನ್ನು ಅದರ ಮುಂದೆ ಮಲಗಿಸುತ್ತಿದ್ದರಂತೆ. ಸರಕಾರದವರು ಒಯ್ಯಲು ಬಂದಾಗ ಓಣಿಯ ಹೆಂಗಸರು ಅಡ್ಡ ನಿಂತರು. ನಮ್ಮೂರ ಹೆಸರು ಬರೆದಿಡುತ್ತಾರೆ, ದೇಶದೇಶದ ಮಂದಿ ಓದುತ್ತಾರೆ ಎಂದು ಮಾತು ಕೊಟ್ಟು ಕಲ್ಲನ್ನು ಬಿಡಿಸಿದವನು ರೇವಣಪ್ಪನೇ.

ಚೀಟಿಯಲ್ಲಿ ಬಿದ್ದದ್ದು ಮಹಾಗಾಂವದ ಹೆಸರು. ದಾರಿಯಲ್ಲಿ ಬಂಡಿಯ ಎತ್ತುಗಳನ್ನು ಮಹಾಗಾಂವದಲ್ಲಿ ಬದಲಿಸಿದ್ದರು. ಸಾಗಣೆ ಕಾಗದದಲ್ಲಿ ಆ ಊರಿತ್ತು. ನಾನು ಯಾರನ್ನೂ ಕೇಳದೆ ಅದನ್ನೇ ಇಳಿಸಿಬಿಟ್ಟೆ. ಹೈದರಾಬಾದಿನ ದಫ್ತರಕ್ಕೂ ಹಾಗೇ ಹೋಯಿತು. ರೇವಣಪ್ಪನಿಗೆ ಓದು ಬಾರದು. ಯಾರೋ ಮಾಸ್ತರರು ಚೀಟಿಯನ್ನು ಗಟ್ಟಿಯಾಗಿ ಓದಿದಾಗಲೇ ಗೊತ್ತಾಯಿತು. ಸುದ್ದಿ ಊರಿಗೂ ಮುಟ್ಟಿತು. ನಮ್ಮವ್ವನನ್ನು ಪರರ ಊರಿಗೆ ಕೊಟ್ಟು ಬಂದ ಎಂದು ಬೈದರು. ಅಂದಿನಿಂದ ಅವನು ಕಮಲಾಪುರದ ಹಾದಿ ತುಳಿಯಲಿಲ್ಲ. ಚೀಟಿ ತಿದ್ದಿರೆಂದು ಎಷ್ಟು ಸಲ ಕೈಮುಗಿದನೋ. ತಪ್ಪು ನನ್ನದೆಂದು ಒಪ್ಪಿದರೆ ನೌಕರಿ ಹೋದೀತೆಂದು, ಮೇಲಿನವರ ಅಪ್ಪಣೆ ಬೇಕಪ್ಪಾ ಎಂದು ಸಾಗಹಾಕುತ್ತ ಬಂದೆ.

ಹೀಗಿರುವಾಗ ಹೈದರಾಬಾದಿನಿಂದ ಇಬ್ಬರು ಕ್ಯಾಮರಾದವರು ಬಂದರು. ಅಜಾಯಬಖಾನೆಯದೇ ಒಂದು ಚಲಿಸುವ ಚಿತ್ರ ತೆಗೆಯುತ್ತಾರಂತೆ. ಕಥೆಯಿಲ್ಲ, ವೇಷವಿಲ್ಲ, ಇದ್ದದ್ದನ್ನು ಇದ್ದ ಹಾಗೆ. ಗುಮ್ಮಟದೊಳಗೆ ಬೆಳಕು ಸಾಲದೆಂದು ನನ್ನನ್ನು ಬಾಗಿಲೆದುರು ನಿಲ್ಲಿಸಿ, ದೊಡ್ಡ ಕನ್ನಡಿ ಕೊಟ್ಟು, ಬಿಸಿಲನ್ನು ಒಳಗೆ ತಿರುಗಿಸು ಎಂದರು. ರೇವಣಪ್ಪ ಒಗೆದ ಧೋತರ ಉಟ್ಟು ಬಂದಿದ್ದ. ತಾಯಿಯ ಪಕ್ಕ ನಿಂತು ಕ್ಯಾಮರಾದ ಪೆಟ್ಟಿಗೆಯನ್ನೇ ನೋಡುತ್ತ ಹೇಳಿದ:

"ಈ ಅವ್ವ ಕಮಲಾಪುರದಾಕಿ. ಚೀಟಿ ತಪ್ಪು ಅದ. ಹೈದರಾಬಾದಿನ ಸಾಹೇಬರು ಕೇಳಬೇಕ್ರಿ."

ಆ ಪೆಟ್ಟಿಗೆಗೆ ಕಣ್ಣಷ್ಟೇ ಇದೆ, ಕಿವಿಯಿಲ್ಲ ಎಂದು ನನಗೆ ಗೊತ್ತಿತ್ತು. ಹೇಳಲು ಬಾಯಿ ಬರಲಿಲ್ಲ. ಅಷ್ಟು ಖುಷಿಯಲ್ಲಿದ್ದ.

ಚಿತ್ರ ತಯಾರಾಗಿ ಬಂದಾಗ ಗುಮ್ಮಟದ ಕಿಟಕಿಗಳಿಗೆ ಗೋಣಿಚೀಲ ಕಟ್ಟಿ ಹಗಲಲ್ಲೇ ತೋರಿಸಿದರು. ಪರದೆಯ ಮೇಲೆ ರೇವಣಪ್ಪ ಬಂದ, ಬಾಯಿ ಆಡಿಸಿದ, ದನಿ ಬರಲಿಲ್ಲ. ಆಮೇಲೆ ಅಕ್ಷರ ಮೂಡಿದವು. ಯಾರೋ ಓದಿದರು: ಮಹಾಗಾಂವದ ತಾಯಿ. ಜನ ಚಪ್ಪಾಳೆ ತಟ್ಟಿದರು. ರೇವಣಪ್ಪ ಎದ್ದು ಹೊರಗೆ ಹೋದ.

ಹಿಂದೆಯೇ ಹೋದೆ. ಕಟ್ಟೆಯ ಮೇಲೆ ಕೂತಿದ್ದ. ಇನ್ನು ತಡೆಯಲಾಗದೆ ಎಲ್ಲವನ್ನೂ ಒದರಿಬಿಟ್ಟೆ: ಚೀಟಿಯ ತಪ್ಪು ನನ್ನದು, ಪೆಟ್ಟಿಗೆ ಕೇಳುವುದಿಲ್ಲ ಎಂಬುದೂ ಗೊತ್ತಿತ್ತು.

"ನಿಮ್ಮದೇ ತಪ್ಪು ಅಂತ ನನಗ ಮೊದಲೇ ಗೊತ್ತಿತ್ರಿ," ಎಂದ. "ಮೇಲಿನವರಿಗೆ ನಿಮ್ಮ ಹೆಸರು ಹೇಳಿದ್ರ ಅವತ್ತೇ ತಿದ್ದತಿದ್ರು. ಹೊಸಾ ಲಗ್ನ ಆದವರು, ನೌಕರಿ ಹೋದ್ರ ಏನ್ ಮಾಡ್ತೀರಿ ಅಂತ ಸುಮ್ನಿದ್ದೆ."

ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅಂದೇ ತಪ್ಪೊಪ್ಪಿಕೊಂಡು ಹೈದರಾಬಾದಿಗೆ ಬರೆದೆ. ನೌಕರಿ ಹೋಗಲಿಲ್ಲ, ಬೈಗುಳವಷ್ಟೇ ಬಂತು. ಜತೆಗೆ ತಿದ್ದಲು ಅಪ್ಪಣೆಯೂ. ಆದರೆ ಆ ಕಾಗದ ಬರುವಷ್ಟರಲ್ಲಿ ಮಳೆಗಾಲದ ಜ್ವರದಲ್ಲಿ ರೇವಣಪ್ಪ ತೀರಿಕೊಂಡಿದ್ದ.

ಅವನ ಬಟ್ಟೆಯ ಗಂಟು ಒಯ್ಯಲು ಕಮಲಾಪುರದಿಂದ ಅವನ ಅಕ್ಕ ನಾಗಮ್ಮ ಬಂದಳು. ಅವಳನ್ನು ತಾಯಿಯ ಮುಂದೆ ಕರೆದೊಯ್ದು ಹೊಸ ಚೀಟಿ ಓದಿ ಹೇಳಿದೆ. ತಮ್ಮನಿಗೆ ಊರು ತಪ್ಪಿಸಿದ್ದು ನನ್ನ ಕೈಬರಹ ಎಂದೂ ಹೇಳಿ, ಬೈದರೆ ಬೈಯಲಿ ಎಂದು ಕಾದು ನಿಂತೆ. ಅವಳು ನೆಲಕ್ಕೆ ಕೂತು, ಕಲ್ಲಿನ ಕೂಸಿನ ಕಾಲು ಸವರಿದಳು.

"ಊರ ಮಂದಿ ನಾಕ ದಿನ ಅಂದ್ರು, ಮರತ್ರು," ಎಂದಳು. "ಊರ ಹೆಸರು ಬರಸೋ ತನಕ ನನ್ನ ಹೊಸ್ತಿಲಾ ತುಳೀಬ್ಯಾಡ ಅಂದಾಕಿ ನಾನೇ ರೀ. ಸಿಟ್ಟಿನ್ಯಾಗ ಅಂದಿದ್ದೆ. ಹುಚ್ಚ, ಖರೇನ ಬರಲಿಲ್ಲ ನೋಡ್ರಿ."