ಚೊಂಬಿಗಿಂತ ಸ್ಟೌವ್ ಮೇಲು

ಉತ್ತರಹಳ್ಳಿಯ ನಮ್ಮ ಬಡಾವಣೆಗೆ ಆಗಿನ್ನೂ ಕಾವೇರಿ ನೀರು ಬಂದಿರಲಿಲ್ಲ. ಅಷ್ಟೂ ಮನೆಗೆ ಒಂದೇ ಬೋರ್‌ವೆಲ್. ನೀರು ಪರೀಕ್ಷಿಸುವ ಲ್ಯಾಬೊಂದಕ್ಕೆ ಹೊಸದಾಗಿ ಸೇರಿದ್ದ ನಾನೇ ಆ ನೀರನ್ನು ಪರೀಕ್ಷೆ ಮಾಡಿದ್ದೆ. ನೈಟ್ರೇಟ್ ಮಿತಿ ಮೀರಿತ್ತು. ಪಾಯಿಖಾನೆ ಗುಂಡಿಗಳಿಂದ ಇಳಿದದ್ದಿರಬೇಕು. ದೊಡ್ಡವರಿಗೆ ಅಂಥ ಭಯವಿಲ್ಲ. ಆದರೆ ಆ ನೀರಿನಲ್ಲಿ ಪುಡಿ ಹಾಲು ಕಲಸಿ ಕುಡಿಸಿದರೆ ಹಸುಗೂಸಿನ ರಕ್ತ ಆಮ್ಲಜನಕ ಹೊರಲಾರದೆ ಮೈ ನೀಲಿಗಟ್ಟಬಹುದು. ಕುದಿಸಿದರೂ ಅದು ಹೋಗುವುದಿಲ್ಲ. ನೀರು ಬತ್ತಿದಷ್ಟೂ ಹೆಚ್ಚುತ್ತದೆ.

ಇದನ್ನು ಹೇಳಲೆಂದೇ ಭಾನುವಾರ ನಿವಾಸಿಗಳ ಸಭೆಗೆ ಹೋದೆ. ಬಡಾವಣೆಯ ವಾರಪತ್ರಿಕೆಯವರೂ ಬಂದಿದ್ದರು. ನಾನು ಶುರು ಮಾಡುವ ಮೊದಲೇ ನಿವೃತ್ತ ಮೇಷ್ಟ್ರೊಬ್ಬರು ಎದ್ದರು.

"ಏನಪ್ಪಾ, ತಾಮ್ರದ ಚೊಂಬಲ್ಲಿ ಇಟ್ರೆ ಎಂಥಾ ನೀರಾದ್ರೂ ಶುದ್ಧ ಆಗುತ್ತೆ. ನಿನ್ ಲ್ಯಾಬ್ ಯಾಕ್ ಬೇಕು?"

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದವನು ನಾನು. ಎದುರಾಳಿ ಸಿಕ್ಕ ಮೇಲೆ ವಿಷಯ ಯಾರಿಗೆ ಬೇಕು?

"ಹಂಗಾದ್ರೆ ಆಸ್ಪತ್ರೆ ಮುಚ್ಚಿ ಪಾತ್ರೆ ಅಂಗಡಿ ತೆಗೀಬಹುದಲ್ವಾ ಸಾರ್?"

"ನಗ್ಬೇಡ ಮರಿ. ನಮ್ ತಾತ ತೊಂಬತ್ತು ವರ್ಷ ಬದುಕಿದ್ರು."

"ಅದೇ ಚೊಂಬಲ್ಲಿ ಕುಡಿದು ಬೇಗ ಹೋದವ್ರನ್ನ ಯಾರ್ ಕೇಳ್ತಾರೆ ಸಾರ್? ಚೊಂಬಿಗಿಂತ ಸ್ಟೌವ್ ಮೇಲು!"

ಸಭೆ ಗೊಳ್ಳೆಂದಿತು. ಚಪ್ಪಾಳೆ ಬಿತ್ತು. ಮೇಷ್ಟ್ರು ಕೂತರು. ಕುದಿಸಿದರೆ ಕ್ರಿಮಿ ಸಾಯುತ್ತವೆ, ಅಷ್ಟರ ಮಟ್ಟಿಗೆ ನನ್ನ ಮಾತು ತಪ್ಪಲ್ಲ. ನೈಟ್ರೇಟ್ ಬಗ್ಗೆಯೂ ಕೊನೆಯಲ್ಲಿ ಹೇಳಿದೆ: "ಶಿಶುಗಳ ವಿಷಯದಲ್ಲಿ ಮುನ್ನೆಚ್ಚರಿಕೆ ಅಪೇಕ್ಷಣೀಯ ಎನ್ನಬಹುದು." ಅಷ್ಟರಲ್ಲಿ ಜನ ಕಾಫಿಗೆ ಏಳುತ್ತಿದ್ದರು.

ಆ ವಾರದ ಪತ್ರಿಕೆಯಲ್ಲಿ ದಪ್ಪಕ್ಷರದಲ್ಲಿ ಬಂದದ್ದು ಸ್ಟೌವ್ ಮಾತೊಂದೇ. ನಾನೇ ಅದನ್ನು ಕತ್ತರಿಸಿ ಇಟ್ಟುಕೊಂಡೆ.

ನಮ್ಮ ಕೆಳಮನೆಯಲ್ಲಿ ಧಾರವಾಡದ ಕಡೆಯ ದಂಪತಿ ಬಾಡಿಗೆಗಿದ್ದರು. ಎರಡು ತಿಂಗಳ ಕೂಸು. ಕೆಲವು ದಿನಗಳ ಮೇಲೆ ಬಾಗಿಲ ಮುಂದೆ ಹಾಯುತ್ತಿದ್ದಾಗ ಆಕೆ ಕರೆದರು.

"ಬರ್ರಿ ಸರ, ನೀವು ಹೇಳಿದಂಗ ನಡ್ಯಾಕ್ಹತ್ತೀನಿ ನೋಡ್ರಿ."

ಸ್ಟೌವ್ ಮೇಲೆ ನೀರು ಕಷಾಯದಂತೆ ಕುದಿಯುತ್ತಿತ್ತು. ಪಕ್ಕದಲ್ಲಿ ಪುಡಿ ಹಾಲಿನ ಡಬ್ಬಿ, ಬಾಟಲಿ.

"ಅರ್ಧಕ್ಕರ್ಧ ಇಂಗಿಸ್ತೀನ್ರಿ, ಕೂಸಿನ ಹಾಲಿಗೆ."

"ಮಗೂಗೆ ಈ ನೀರು ಕೊಡ್ಬೇಡಿ ಅಕ್ಕ. ಕುದಿಸಿದ್ರೆ ಇನ್ನೂ ಕೆಟ್ಟದು!"

ಎರಡೇ ವಾಕ್ಯ. ಸಭೆಯಲ್ಲಿ ನನಗೆ ಸಿಗದಿದ್ದದ್ದು.

"ಅವತ್ತ ಹಿಂಗ ಹೇಳ್ಬೇಕಿತ್ತಲ್ರಿ? ನಾನೂ ಅಲ್ಲೇ ಕುಂತಿದ್ದೆ."

ಹೇಳಿದ್ದೆ ಎಂದು ವಾದಿಸಲು ಬಾಯಿ ತೆರೆದವನು ಮುಚ್ಚಿದೆ. ಕೂಸನ್ನು ಕಿಟಕಿಯ ಬೆಳಕಿಗೆ ಹಿಡಿದು ತುಟಿ ನೋಡಿದೆವು. ನೀಲಿಯೋ ಅಲ್ಲವೋ ಇಬ್ಬರಿಗೂ ತಿಳಿಯಲಿಲ್ಲ.

"ಇಷ್ಟ್ ದಿನ ಕುಡ್ಸೀನಲ್ರಿ, ಏನಾಕ್ಕೈತಿ?"

"ಗೊತ್ತಿಲ್ಲ ಅಕ್ಕ. ಡಾಕ್ಟರ್ ಹತ್ರ ಹೋಗೋಣ ಬನ್ನಿ."

ಡಾಕ್ಟರು ಕೂಸನ್ನು ಪರೀಕ್ಷಿಸಿ, ಸದ್ಯ ಪರವಾಗಿಲ್ಲ, ನೀರು ಮಾತ್ರ ಇವತ್ತೇ ಬದಲಿಸಿ ಎಂದರು. "ಇಂಗಿಸಿ ಕೊಡೋಕೆ ಯಾರ್ ಹೇಳಿದ್ದು?" ಎಂದೂ ಗದರಿದರು. ಆಕೆ ನನ್ನ ಕಡೆ ನೋಡಲಿಲ್ಲ. "ಪೇಪರಿನ್ಯಾಗ ಬಂದಿತ್ರಿ" ಎಂದರು.

ಆ ಪೇಪರು ಎಲ್ಲ ಮನೆಗೂ ಹೋಗಿತ್ತು. ಸಂಜೆ ಮೇಷ್ಟ್ರ ಬಾಗಿಲು ತಟ್ಟಿದೆ. ಬಡಾವಣೆಯ ಯಾವ ಯಾವ ಮನೆಯಲ್ಲಿ ಹಸುಗೂಸಿದೆ ಎನ್ನುವುದು ಗೊತ್ತಿದ್ದದ್ದು ಅವರಿಗೆ, ನನಗಲ್ಲ.